ಸೊನ್ನೆ ದೂರು

ಹುಬ್ಬಳ್ಳಿ, ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ, ಹದಿಮೂರನೆಯ ತಿಂಗಳಿನ ಎರಡನೆಯ ಸೋಮವಾರ.

ನಮಗಿಂತ ಹಿಂದೆ ಬದುಕುತ್ತಿರುವ ಹಿರಿಯರಿಗೆ, ಹಲ್ಲುಗಾರ್ತಿ ಇಂದ್ರವ್ವ ಅಣ್ಣಿಗೇರಿ ಮಾಡುವ ಶರಣು.

ಹದಿಮೂರನೆಯ ತಿಂಗಳು ಎಂದು ಓದಿ ನೀವು ಹುಬ್ಬೇರಿಸಿದ್ದು ಇಲ್ಲಿಂದಲೇ ಕಾಣುತ್ತದೆ. ತಪ್ಪು ಬರೆದಿಲ್ಲ. ನಿಮ್ಮ ಮೇ ತಿಂಗಳು ಹಿಗ್ಗುತ್ತಾ ಹೋಗಿ ಒಂದು ತಿಂಗಳಿನಲ್ಲಿ ಹಿಡಿಸದಂತಾದಾಗ ಪಂಚಾಂಗದವರು ಅದನ್ನು ಸೀಳಿ ಎರಡು ಮಾಡಿದರು. ಎರಡನೆಯದಕ್ಕೆ ಸುಡುಮಾಸ ಎಂದು ಹೆಸರು. ನಡುವೆ ಬಂದರೂ ಲೆಕ್ಕದಲ್ಲಿ ಅದು ಹದಿಮೂರನೆಯದು. ಯಾಕೆ ಎಂದು ಕೇಳಿದರೆ ಮೊದಲಿನಿಂದ ಹಾಗೇ ಇದೆ ಎನ್ನುತ್ತಾರೆ. ನಮ್ಮಲ್ಲಿ ಬಹಳ ಸಂಗತಿಗಳಿಗೆ ಇದೇ ಉತ್ತರ. ನಾನು ಬರೆಯುತ್ತಿರುವ ಕನ್ನಡ ನನ್ನ ಅಜ್ಜಿಯಿಂದ ಕಲಿತದ್ದು. ಅಲ್ಲಲ್ಲಿ ನಮ್ಮ ಕಾಲದ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿನ್ನಂಚೆಯಲ್ಲಿ ಬರುತ್ತಿರುವ ಪತ್ರ. ಹಿನ್ನಂಚೆ ಎಂದರೆ ಸತ್ತುಹೋದವರಿಗೆ, ಅವರು ಬದುಕಿದ್ದ ಕಾಲಕ್ಕೆ, ಪತ್ರ ಕಳಿಸುವ ಏರ್ಪಾಡು. ತಲುಪುತ್ತದೋ ಇಲ್ಲವೋ ಯಾರೂ ಹೇಳಲಾರರು, ಏಕೆಂದರೆ ಉತ್ತರ ಬಂದ ದಾಖಲೆ ಇಲ್ಲ. ನನಗೆ ಉತ್ತರ ಬೇಕಾಗಿಯೂ ಇಲ್ಲ. ನನಗೆ ಬೇಕಾಗಿರುವುದು ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ಊರಿಂದೂರಿಗೆ ಹೋಗುವ ಬಸ್ಸು ರೈಲುಗಳಲ್ಲಿ ಕಳ್ಳತನ, ಹೊಡೆದಾಟ, ಹೆಣ್ಣುಮಕ್ಕಳಿಗೆ ಕಾಟ ಹೆಚ್ಚಾಗಿ, ಬೇರೆಬೇರೆ ಠಾಣೆಯ ಪೊಲೀಸರೆಲ್ಲ ಕೈಕೂಡಿಸಿ ಕೆಲಸ ಮಾಡಬೇಕೆಂದು ಸಭೆ ಸೇರುತ್ತಿದ್ದೀರಿ ಎಂದು ಅಜ್ಜಿ ಹೇಳುತ್ತಿದ್ದಳು. ಒಳ್ಳೆಯ ಮಾತು. ಸೇರಿ, ಚಹಾ ಕುಡಿಯಿರಿ, ಠರಾವು ಮಾಡಿ. ಆದರೆ ಆ ಸಭೆಯಲ್ಲಿ ನೀವು ಬರೆಯುವ ಒಂದು ಮಾತನ್ನು ನಮ್ಮವರು ತಪ್ಪಾಗಿ ಓದಿಕೊಂಡು ಎಂಥ ಹೇಸಿಗೆ ಮಾಡಿಟ್ಟಿದ್ದಾರೆ ಎಂಬುದನ್ನು ನೀವು ಕೇಳಲೇಬೇಕು.

ಮೊದಲು ನಮ್ಮ ಸರಪಳಿಯ ಬಗ್ಗೆ ತಿಳಿಸಬೇಕು. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೋಗಲು ನಮಗಿರುವುದು ಅದೊಂದೇ. ರಸ್ತೆಗಳು ಈಗ ಇಲ್ಲ; ಡಾಂಬರು ಕರಗಿ ಕರಗಿ ಜನ ಅವನ್ನು ಬಿಟ್ಟೇಬಿಟ್ಟರು. ಸುಡುಮಾಸದಲ್ಲಿ ಬಯಲಿನಲ್ಲಿ ನಡೆದು ಹೋಗುವ ಮಾತಂತೂ ದೂರವೇ ಉಳಿಯಿತು. ಸರಪಳಿ ಎಂದರೆ ಒಂದಕ್ಕೊಂದು ಸೇರಿಕೊಂಡು ಓಡುವ ಡಬ್ಬಿಗಳ ಸಾಲು. ಒಂದೊಂದು ಡಬ್ಬಿಗೂ ಕೊಂಡಿ ಎನ್ನುತ್ತೇವೆ. ಸರಪಳಿ ಎಲ್ಲಿಯೂ ನಿಲ್ಲುವುದಿಲ್ಲ. ಊರು ಬಂದಾಗ ಆ ಊರಿನ ಕೊಂಡಿ ಮಾತ್ರ ಕಳಚಿಕೊಂಡು ನಿಲ್ದಾಣಕ್ಕೆ ಸರಿಯುತ್ತದೆ. ಅಲ್ಲಿಂದ ಹೊರಡುವ ಕೊಂಡಿ ಓಡುತ್ತಲೇ ಬಂದು ಸಾಲಿಗೆ ಸೇರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು, ಕಾಯಿಪಲ್ಲೆಯ ಬುಟ್ಟಿಯವರು, ಕಾಲೇಜಿನ ಹುಡುಗಿಯರು, ಹಲ್ಲುನೋವಿನ ಮುದುಕರು, ಎಲ್ಲರೂ ಅದರಲ್ಲೇ. ಕೊಂಡಿಯೊಳಗೆ ತಂಪು ಇರುತ್ತದೆ, ಆದ್ದರಿಂದ ಕೆಲಸ ಇಲ್ಲದವರೂ ಸುಮ್ಮನೆ ಹತ್ತಿ ಕುಳಿತಿರುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆವರು, ಹೂವು, ಇವೆಲ್ಲದರ ವಾಸನೆ ಕೂಡಿ ಒಂದು ವಾಸನೆ ಆಗಿರುತ್ತದೆ. ಅದರಿಂದ ನನಗೆ ಬೇಸರವಿಲ್ಲ. ಜನ ಇದ್ದಲ್ಲಿ ವಾಸನೆ ಇರುತ್ತದೆ.

ಸರಪಳಿಯನ್ನು ಕಾಯಲು ನಾಲ್ಕು ಪೊಲೀಸು ಪಡೆಗಳಿವೆ. ಮೂಡಣ ಊರುಗಳದ್ದು ಮೂಡಣ ಪಡೆ, ಪಡುವಣ ಊರುಗಳದ್ದು ಪಡುವಣ ಪಡೆ, ಹಳಿಯ ಮೇಲೆ ಓಡುತ್ತಿರುವಷ್ಟು ಹೊತ್ತು ಹಳಿ ಪಡೆ, ನಿಲ್ದಾಣದ ಕಲ್ಲು ಮುಟ್ಟಿದ ಕೂಡಲೇ ನಿಲ್ದಾಣ ಪಡೆ. ಒಂದು ಕಾಲಕ್ಕೆ ಇವರ ನಡುವೆ ಹಾವು ಮುಂಗುಸಿಯ ಸಂಬಂಧವಿತ್ತು. ಯಾವನಾದರೂ ಕೊಂಡಿಯಲ್ಲಿ ಕಿಸೆ ಕತ್ತರಿಸಿ ನಿಲ್ದಾಣದಲ್ಲಿ ಇಳಿದರೆ, ಹಳಿ ಪಡೆಯವನು ಬಾಗಿಲಲ್ಲೇ ನಿಂತು ನೋಡುತ್ತಿದ್ದ, ನಿಲ್ದಾಣ ಪಡೆಯವನು ‘ಇದು ನಮ್ಮ ಹದ್ದಿನಾಗ ಆಗಿಲ್ಲ’ ಎಂದು ಬೆನ್ನು ತಿರುಗಿಸುತ್ತಿದ್ದ. ಹದ್ದು ಎಂದರೆ ಠಾಣೆಯ ಗಡಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ನಾವು ಪ್ರಯಾಣಿಕರು ಒಣಗಿದೆವು. ಜನ ಕೂಗಿದರು. ಕೊನೆಗೆ ನಾಲ್ಕೂ ಪಡೆಯ ಮುಖ್ಯಸ್ಥರು ಒಂದೇ ಮೇಜಿನ ಸುತ್ತ ಕುಳಿತು ಕೈಕೂಡಿಕೆ ಎಂಬ ಒಪ್ಪಂದ ಮಾಡಿಕೊಂಡರು. ಅದಕ್ಕೆ ಬೇಕಾದ ನಿಯಮಗಳನ್ನು ಹೊಸದಾಗಿ ಯೋಚಿಸುವ ತೊಂದರೆ ಯಾಕೆಂದು ನಿಮ್ಮ ಕಾಲದ ಹಳೆಯ ನಿಯಮಗಳನ್ನೇ ಎತ್ತಿಕೊಂಡರು.

ಎಡವಿದ್ದು ಅಲ್ಲಿ. ನಿಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತಂತೆ. ಅಪರಾಧ ಎಲ್ಲಿಯೇ ಆಗಿರಲಿ, ನೊಂದವರು ಯಾವ ಠಾಣೆಯ ಮೆಟ್ಟಿಲು ಹತ್ತಿದರೂ ಅಲ್ಲಿಯವರು ದೂರನ್ನು ಬರೆದುಕೊಳ್ಳಲೇಬೇಕು. ತಮ್ಮ ಕ್ರಮಸಂಖ್ಯೆಯ ಜಾಗದಲ್ಲಿ ಒಂದು ಸೊನ್ನೆ ಹಾಕಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ತಾವೇ ಕಳಿಸಬೇಕು. ಇದಕ್ಕೆ ಸೊನ್ನೆ ದೂರು ಎನ್ನುತ್ತಿದ್ದರು ಎಂದು ಅಜ್ಜಿ ಹೇಳಿದ್ದಳು. ನಮ್ಮ ನಾಲ್ಕು ಮುಖ್ಯಸ್ಥರು ಹಳೆಯ ನಿಯಮದಲ್ಲಿ ‘ಪ್ರತಿಯೊಂದು ಠಾಣೆಯೂ ಸೊನ್ನೆ ದೂರನ್ನು ತಪ್ಪದೆ ಪಾಲಿಸತಕ್ಕದ್ದು’ ಎಂಬ ಸಾಲನ್ನು ಓದಿದರು. ಓದಿ ಏನು ತಿಳಿದುಕೊಂಡರು ಬಲ್ಲಿರಾ? ಠಾಣೆಯಲ್ಲಿ ದೂರುಗಳು ಸೊನ್ನೆ ಇರಬೇಕು! ಒಂದೂ ಇರಕೂಡದು! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಆ ಜಾತಿಯ ಬುದ್ಧಿ. ಅಜ್ಜಿ ಆಗ ಬದುಕಿದ್ದಳು. ಮೂಡಣ ಪಡೆಯ ಕಚೇರಿಗೆ ಕೋಲೂರಿಕೊಂಡು ಹೋಗಿ, ‘ಎಪ್ಪಾ, ಸೊನ್ನೆ ಅಂದ್ರ ಬರಕೋಬ್ಯಾಡ ಅಂತಲ್ಲೋ, ಎಲ್ಲಿದಿದ್ರೂ ಬರಕೋ ಅಂತ’ ಎಂದು ಹೇಳಿ ಬಂದಳು. ಅವರು ಕುರ್ಚಿ ಕೊಟ್ಟು, ನೀರು ಕೊಟ್ಟು, ‘ಹಳೇ ಮಂದಿ, ಪಾಪ’ ಎಂದು ಬಾಗಿಲ ತನಕ ಬಂದು ಕಳಿಸಿದರು.

ಅಂದಿನಿಂದ ನಮ್ಮಲ್ಲಿ ಸೊನ್ನೆಯದೇ ಆಳ್ವಿಕೆ. ನಾಲ್ಕು ಪಡೆಯವರ ಟೊಪ್ಪಿಗೆಯ ಮೇಲೂ ಹಿತ್ತಾಳೆಯ ಸೊನ್ನೆ ಇದೆ. ವರ್ಷಕ್ಕೊಮ್ಮೆ ಸೊನ್ನೆಹಬ್ಬ ಮಾಡುತ್ತಾರೆ; ಶಾಲೆಯ ಮಕ್ಕಳನ್ನು ನಿಲ್ದಾಣಕ್ಕೆ ಕರೆತಂದು ಒಬ್ಬೊಬ್ಬರ ಕೈಗೂ ಒಂದೊಂದು ಕೋಡಬಳೆ ಕೊಟ್ಟು, ಅದನ್ನು ಮೇಲೆ ಹಿಡಿಸಿ, ‘ನಾಕು ಕೈ, ಒಂದು ಸೊನ್ನಿ’ ಎಂದು ಕೂಗಿಸುತ್ತಾರೆ. ಕೋಡಬಳೆ ನನಗೆ ಚಿಕ್ಕಂದಿನಿಂದ ಬಲು ಇಷ್ಟದ ತಿನಿಸು. ಈಗ ಅದನ್ನು ಮನೆಯೊಳಗೆ ತರುವುದಿಲ್ಲ. ನಾಲ್ಕು ಪಡೆಯವರು ಈಗ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಒಂದೇ ಕಿಟ್ಲಿಯಿಂದ ಚಹಾ ಬಗ್ಗಿಸಿಕೊಳ್ಳುತ್ತಾರೆ. ಜಗಳ ಆಡುವ ಕಾಲದಲ್ಲಿ ಕೊನೆಯ ಪಕ್ಷ ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರು ನಮ್ಮ ದೂರು ಬರೆದುಕೊಳ್ಳುವ ಸಂಭವವಿತ್ತು. ಈಗ ಅದೂ ಇಲ್ಲ.

ಸೊನ್ನೆಯನ್ನು ಉಳಿಸಿಕೊಳ್ಳುವ ಬಗೆಯನ್ನೂ ಹೇಳುತ್ತೇನೆ. ದೂರು ಹೇಳಲು ಹೋದವರು ಮೊದಲು ಅದನ್ನು ನಾಲ್ಕೂ ಪಡೆಯವರಿಗೆ ಬಾಯಿಮಾತಿನಲ್ಲಿ ಹೇಳಬೇಕು. ಇದಕ್ಕೆ ಹರಿದಾಟ ಎಂದು ಹೆಸರು. ಒಂದು ಪಡೆಯವರು ಕೇಳಿ, ‘ಇದು ನಿಮಗ ಬೇಕೇನ್ರಿ?’ ಎಂದು ಇನ್ನೊಂದು ಪಡೆಯವರನ್ನು ಕೇಳಬೇಕು. ಅವರು ‘ಛೇ ಛೇ, ನೀವ ತಗೋರಿ’ ಎನ್ನಬೇಕು. ಯಾರೂ ಯಾರ ಹದ್ದನ್ನೂ ಅವಮಾನ ಮಾಡಬಾರದಲ್ಲ! ಈ ಉಪಚಾರ ಮುಗಿಯುವಷ್ಟರಲ್ಲಿ ಕಿಸೆ ಕತ್ತರಿಸಿದವನು ಮನೆಗೆ ಹೋಗಿ ಉಂಡು ಮಲಗಿರುತ್ತಾನೆ. ಇಷ್ಟಾದರೂ ಬಿಡದ ಗಟ್ಟಿಗರಿಗೆ ಬೇರೆ ಮದ್ದಿದೆ. ಅಪರಾಧದ ಹೆಸರನ್ನೇ ಬದಲಿಸಿಬಿಡುತ್ತಾರೆ. ಕಳ್ಳತನಕ್ಕೆ ಮರೆವು ಎನ್ನುತ್ತಾರೆ, ಅಂದರೆ ಸಾಮಾನನ್ನು ನೀವೇ ಎಲ್ಲೋ ಮರೆತಿರಿ. ಹೊಡೆತಕ್ಕೆ ಜೋಲಿ ಎನ್ನುತ್ತಾರೆ, ಅಂದರೆ ಕೊಂಡಿ ತಿರುವಿನಲ್ಲಿ ಜೋಲಿ ಹೊಡೆದು ನಿಮ್ಮ ಹಲ್ಲು ಉದುರಿತು. ಎಷ್ಟು ಜೋಲಿಯ ಹಲ್ಲುಗಳು ನನ್ನ ಅಂಗಡಿಗೆ ಬಂದಿವೆಯೋ ಲೆಕ್ಕವಿಲ್ಲ, ಒಂದೊಂದರ ಮೇಲೂ ಮುಷ್ಟಿಯ ಗುರುತು. ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದರೆ ಅದಕ್ಕೆ ಇಕ್ಕಟ್ಟು ಎನ್ನುತ್ತಾರೆ. ಕೊಂಡಿಯಲ್ಲಿ ಜನ ಹೆಚ್ಚು, ಇಕ್ಕಟ್ಟಾಯಿತು, ಅಷ್ಟೇ. ಮಾಡುವುದೆಲ್ಲ ಅನಾಚಾರ, ಮನೆಯ ಮುಂದೆ ಬೃಂದಾವನ. ಥೂ!

ಕಸ್ತೂರಿ ನನ್ನ ಅಕ್ಕನ ಮಗಳು. ನನ್ನ ಅಂಗಡಿಯಲ್ಲಿ, ಹಲ್ಲು ಬಿದ್ದವರಿಗೆ ಕಟ್ಟುವ ಹೊಸ ಹಲ್ಲು ಕೆತ್ತಿ ಕಡೆಯುವ ಕೆಲಸ ಅವಳದು. ಅಣ್ಣಿಗೇರಿಯಿಂದ ದಿನಾ ಸರಪಳಿಯಲ್ಲಿ ಬರುತ್ತಿದ್ದಳು. ಗಟ್ಟಿ ದನಿ, ಗಟ್ಟಿ ನಗು, ಮೊಣಕಾಲಿಗೆ ತಾಗುವ ಜಡೆ. ನಾನು ಗಿರಾಕಿಯ ಬಾಯಿಗೆ ಕೈ ಹಾಕಿದರೆ ಅವನಿಗೆ ನೋವು ತಿಳಿಯದಂತೆ ಮಾತಿಗೆ ಎಳೆಯುವುದು ಅವಳ ಕೆಲಸವೇ ಆಗಿತ್ತು. ಒಂದು ಬೆಳಿಗ್ಗೆ ಬಂದವಳು ನೆಟ್ಟಗೆ ಹೋಗಿ ನಲ್ಲಿಯ ಕೆಳಗೆ ಜಡೆಯ ತುದಿ ಹಿಡಿದು ತೊಳೆಯತೊಡಗಿದಳು. ತೊಳೆದಳು, ಸೋಪು ಹಚ್ಚಿದಳು, ಮತ್ತೆ ತೊಳೆದಳು. ಏನೇ ಎಂದೆ. ‘ಚಿಗವ್ವ, ಒಬ್ಬಾಂವ ಹಿಂದ ಕುಂತು ನನ್ನ ಜಡಿ ಬಾಯಾಗ ಇಟ್ಕೊಂಡಿದ್ದ’ ಎಂದಳು.

ಇದನ್ನು ಬರೆಯುವಾಗಲೂ ನನ್ನ ನಾಲಿಗೆಯ ಮೇಲೆ ಏನೋ ಬಂದಂತಾಗುತ್ತದೆ. ದಿನವಿಡೀ ಪರರ ಬಾಯಲ್ಲಿ ಕೈಯಿಡುವವಳು ನಾನು. ಹುಳುಕು, ಕೀವು, ಗುಟಕಾದ ಕರೆ, ಎಲ್ಲ ಕಂಡಿದ್ದೇನೆ, ಒಂದು ದಿನವೂ ಮೂಗು ಮುರಿದವಳಲ್ಲ. ಆದರೆ ಆ ಬಾಯಿಯನ್ನು ನೆನೆದರೆ ಹೇಸಿಗೆಯಾಗುತ್ತದೆ. ಅವನು ಇಸ್ತ್ರಿ ಅಂಗಿಯ, ಕೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂರುವ ಮನುಷ್ಯನಂತೆ. ಯಾರೂ ಸಂಶಯಪಡುವಂಥವನಲ್ಲ. ಮಾರನೆಯ ದಿನ ಅವಳು ಬೇರೆ ಕಡೆ ಕುಳಿತರೆ ಅವನೂ ಎದ್ದು ಬಂದ. ಅವಳು ಜಡೆ ಮುಂದಕ್ಕೆ ಹಾಕಿಕೊಂಡರೆ ಇವನ ಮೊಣಕೈ ಅವಳ ಬೆನ್ನಿಗೆ ಬಂತು. ಬೈದಳು. ಅವನು ಸುತ್ತಲಿನವರನ್ನು ನೋಡಿ, ‘ಇಕ್ಕಟ್ಟು ಐತ್ರಿ, ಏನ್ ಮಾಡೂದು’ ಎಂದು ನಕ್ಕನಂತೆ. ಸುತ್ತಲಿನವರೂ ನಕ್ಕರಂತೆ.

ಕಸ್ತೂರಿ ಹರಿದಾಟಕ್ಕೆ ಹೋದಳು. ನಾನೂ ಜೊತೆಗೆ ಹೋದೆ. ಹಳಿ ಪಡೆಯವನು ಜಡೆ ಬಾಯಲ್ಲಿಟ್ಟುಕೊಂಡಾಗ ಕೊಂಡಿ ಯಾವ ಊರು ದಾಟಿತ್ತು ಎಂದು ಕೇಳಿದ. ನಿಲ್ದಾಣ ಪಡೆಯವನು ಜಡೆ ಒದ್ದೆ ಇದ್ದದ್ದು ತಿಳಿದದ್ದು ಇಳಿಯುವ ಮುಂಚೆಯೋ ಇಳಿದ ಮೇಲೋ ಎಂದ. ಮೂಡಣ ಪಡೆಯವನಿಗೆ ಹುಡುಗಿ ತಮ್ಮ ಕಡೆಯವಳಾದರೂ ಮನುಷ್ಯ ಪಡುವಣದವನಂತೆ ಕಂಡ. ಪಡುವಣ ಪಡೆಯವನು ಮಾತ್ರ ಎದ್ದು ನಿಂತು, ಕೈ ಮುಗಿದು, ‘ತಂಗಿ, ಜಡಿ ನಿಂದು, ಹೌದಿಲ್ಲೋ? ಮತ್ತ ನಿನ್ನ ಜಡಿ ನೀನ ಕಾಯ್ಕೋಬೇಕಲ್ಲ’ ಎಂದ. ಕಸ್ತೂರಿ, ‘ನಾನ ಕಾಯ್ಕೊಂಡ್ರ ನೀವ್ಯಾಕ ಪಗಾರ ತಗೋತೀರಿ?’ ಎಂದಳು. ನನಗೆ ಖುಷಿಯಾಯಿತು. ಆದರೆ ಖುಷಿಯಿಂದ ಹೊಟ್ಟೆ ತುಂಬುವುದಿಲ್ಲ. ಅವಳ ದೂರನ್ನು ಅವರು ಬರೆದುಕೊಳ್ಳಲಿಲ್ಲ. ಕೆಲವು ದಿನಗಳಲ್ಲಿ ಅದರ ಬದಲು ಬಂದದ್ದು ಜಡೆಚೀಲ. ಹೌದು, ಚೀಲ. ಜಡೆಯ ತುದಿಗೆ ಕಟ್ಟಿಕೊಳ್ಳಲು ಬಟ್ಟೆಯ ಚೀಲ, ಅದರ ಮೇಲೆ ನಾಲ್ಕು ಪಡೆಗಳ ಮುದ್ರೆ, ನಡುವೆ ಸೊನ್ನೆ. ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಗೆಲ್ಲ ಪುಕ್ಕಟೆ ಹಂಚಿದರು, ಬ್ಯಾಂಡು ಬಾರಿಸಿದರು. ಆ ಮನುಷ್ಯ ಅದೇ ಗುಂಪಿನಲ್ಲಿ ನಿಂತು ಚಪ್ಪಾಳೆ ತಟ್ಟಿದ್ದನ್ನು ಕಸ್ತೂರಿ ನೋಡಿದಳು.

ಕೈಕೂಡಿಕೆಯ ಮುಖ್ಯಾಧಿಕಾರಿ ವೃಷಭೇಂದ್ರ ಸೊಪ್ಪಿನ ಅವರು ನನ್ನ ಹಳೆಯ ಗಿರಾಕಿ. ಅವರ ದವಡೆ ಹಲ್ಲು ಅಲ್ಲಾಡುತ್ತಿತ್ತು. ಕುರ್ಚಿಯಲ್ಲಿ ಮಲಗಿಸಿ, ಬಾಯಿ ಅಗಲಿಸಿ, ಇಕ್ಕಳ ಒಳಗಿಟ್ಟ ಮೇಲೆ ನಾನು ಕಸ್ತೂರಿಯ ವಿಷಯ ತೆಗೆದೆ. ಬಾಯಿ ತೆರೆದವರು ಅಡ್ಡ ಮಾತಾಡಲಾರರು, ಅದೊಂದು ಅನುಕೂಲ. ‘ಆ... ಆ...’ ಎಂದು ಅವರು ತಲೆ ಆಡಿಸಿದರು. ಹಲ್ಲು ಕಿತ್ತು ಕೈಗೆ ಕೊಟ್ಟೆ. ಅದರ ಬುಡ ಪೂರಾ ಕೊಳೆತಿತ್ತು, ಮೇಲೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಬಾಯಿ ಮುಕ್ಕಳಿಸಿ ಉಗಿದು ಅವರು ಸಮಾಧಾನದಿಂದ ಹೇಳಿದರು: ‘ಇಂದ್ರವ್ವಾರ, ನೀವು ತಿಳಿದವರು. ನಿಮ್ಮ ಹುಡುಗಿ ಹೇಳೂದು ಬರಕೊಂಡ್ವಿ ಅನ್ರಿ. ಆ ಮನುಷ್ಯಾ ಇಲ್ಲ ಅಂತಾನ. ಪ್ರಕರಣ ಮುಚ್ಚದ ತೆರದ ಬೀಳತೈತಿ. ನಾಕೂ ಪಡೇದು ಸೊನ್ನಿ ಹೋಗತೈತಿ. ತಪ್ಪು ಮಾಡಿದಾಂವ ತಾನ ಒಪ್ಕೊಂಡ ಬಂದ್ರ ಮಾತ ಬ್ಯಾರೆ. ಅವತ್ತ ತೆರದು ಅವತ್ತ ಮುಚ್ಚತೀವಿ, ಸೊನ್ನಿ ಸೊನ್ನಿನ ಉಳಿತೈತಿ. ಅಂವ ಒಪ್ಕೋತಾನೇನು?’ ಜಡೆ ನೆಕ್ಕುವವನು ಬಂದು ಒಪ್ಪಿಕೊಳ್ಳುತ್ತಾನೆಯೇ ಎಂದು ನನ್ನನ್ನೇ ಕೇಳಿದರು ನೋಡಿ! ಅವರ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾದದ್ದು. ಮೊಮ್ಮಕ್ಕಳಿಗೆ ಕಥೆ ಹೇಳುವ ಮುಖ ಅದು.

ಹೋಗಲಿ, ಕೆಲಸ ಬಿಡು, ಮನೆಯಲ್ಲೇ ಇರು ಎಂದು ಅಕ್ಕ ಅಂದಳು. ಕಸ್ತೂರಿ ಒಪ್ಪಲಿಲ್ಲ. ‘ನಾ ಯಾಕ ಇಳೀಬೇಕು? ಅಂವ ಇಳೀಲಿ’ ಎಂದಳು. ಅವಳು ಕೇಳಿದ್ದು ಅಷ್ಟೇ. ತನ್ನ ಊರಿನಿಂದ ತನ್ನ ಕೆಲಸಕ್ಕೆ ದಿನಾ ಹೋಗಿ ಬರುವುದು, ಯಾರ ಬಾಯಿಯೂ ಕೈಯೂ ಮೈಗೆ ತಾಗದೆ. ಇದಕ್ಕಿಂತ ಸಣ್ಣ ಆಸೆಯನ್ನು ನಾನು ಕಂಡಿಲ್ಲ.

ಒಂದು ಮುಂಜಾನೆ ಕೊಂಡಿಯಲ್ಲಿ ಅವನು ಅವಳನ್ನು ಮೂಲೆಗೆ ಒತ್ತಿದ. ಅವಳು ಕೂಗಲು ಬಾಯಿ ತೆರೆದಾಗ ಬೆನ್ನ ಹಿಂದಿನಿಂದ ಅಂಗೈಯನ್ನು ಅವಳ ಬಾಯಿಯ ಮೇಲೆ ಗಟ್ಟಿಯಾಗಿ ಅಮುಕಿದ. ಕಸ್ತೂರಿ ಕಚ್ಚಿದಳು. ಹೆಬ್ಬೆರಳಿನ ಬುಡವನ್ನು ಹಿಡಿದು, ಅವನು ಮೊಣಕಾಲೂರಿ ಕುಸಿಯುವ ತನಕ ಬಿಡಲಿಲ್ಲ. ಇಡೀ ಕೊಂಡಿ ಎದ್ದು ನಿಂತಿತು. ಇಕ್ಕಟ್ಟಿಗೆ ನಗುತ್ತಿದ್ದವರೆಲ್ಲ ರಕ್ತ ನೋಡಿ ‘ಅಯ್ಯಯ್ಯ, ಏನ್ ಹೆಣ್ಣವ್ವಾ ಇದು!’ ಎಂದರು. ಕೊಂಡಿ ಹುಬ್ಬಳ್ಳಿ ಮುಟ್ಟುವ ಮುನ್ನವೇ ಹಳಿ ಪಡೆಯವರು ಅದನ್ನು ಕಳಚಿ ಹತ್ತಿರದ ನಿಲ್ದಾಣಕ್ಕೆ ತಂದರು. ಅವನು ಅಳುತ್ತಾ ಕೈ ತೋರಿಸಿದ. ‘ನೀ ಕಡದೀಯೇನು?’ ಎಂದು ಪೊಲೀಸರು ಕೇಳಿದರು. ‘ಹೌದು, ನಾನ ಕಡದೀನಿ. ಬರಕೋರಿ!’ ಎಂದಳು ಕಸ್ತೂರಿ. ತಾನು ಯಾಕೆ ಕಚ್ಚಿದೆನೆಂದು ಬರೆದುಕೊಂಡರೆ ಅವನ ಕಥೆಯೂ ಅದರೊಳಗೆ ಬಂದೀತೆಂದು ಅವಳ ಲೆಕ್ಕ. ಪೆದ್ದಿ ಅಲ್ಲ ಅವಳು; ಬರೆದುಕೊಳ್ಳುವವರನ್ನು ಮನುಷ್ಯರೆಂದು ತಿಳಿದಿದ್ದಳು.

ಅವರು ಬರೆದುಕೊಂಡರು. ಆಹಾ, ಎಂಥ ಉತ್ಸಾಹ! ಒಪ್ಪಿಕೊಂಡ ತಪ್ಪು, ತೆರೆದ ದಿನವೇ ಮುಚ್ಚುವ ಪ್ರಕರಣ, ಸೊನ್ನೆಗೆ ಧಕ್ಕೆಯಿಲ್ಲ, ಮೇಲೆ ಮುಗಿಸಿದ ಪಡೆಗೆ ಬಿರುದು ಬೇರೆ. ಇಷ್ಟು ದಿನ ‘ನೀವ ತಗೋರಿ’ ಎನ್ನುತ್ತಿದ್ದ ನಾಲ್ವರೂ ‘ನಮಗಿರ್ಲಿ’ ಎನ್ನತೊಡಗಿದರು. ಅವಳು ಕಚ್ಚಿ ಹಿಡಿದದ್ದು ಹಳಿಯ ಮೇಲೆ, ಬಿಟ್ಟದ್ದು ನಿಲ್ದಾಣದ ಹತ್ತಿರ, ಹುಡುಗಿ ಮೂಡಣದವಳು, ಕೈ ಪಡುವಣದವನದು. ಜಗಳವಾಡಿದರೆ ಕೈಕೂಡಿಕೆಗೆ ಕೆಟ್ಟ ಹೆಸರಲ್ಲವೇ? ಹಂಚಿಕೊಳ್ಳಲು ನಿರ್ಧರಿಸಿದರು. ಏನನ್ನು ಹಂಚಿಕೊಳ್ಳುವುದು? ಕಚ್ಚಿದ ಗಾಯವನ್ನು! ನಾಲ್ಕೂ ಪಡೆಯಿಂದ ಒಬ್ಬೊಬ್ಬರು ಸೇರಿ ನನ್ನ ಅಂಗಡಿಗೆ ಬಂದರು. ಆ ಗಾಯದ ಅಚ್ಚು ತಂದಿದ್ದರು. ಮೇಲಿನ ಹಲ್ಲಿನ ಗುರುತು ಯಾವುವು, ಕೆಳಗಿನವು ಯಾವುವು, ಬಾಚಿಹಲ್ಲು ಎಷ್ಟು, ಕೋರೆಹಲ್ಲು ಎಷ್ಟು, ಸರಿಯಾಗಿ ಗುರುತು ಹಾಕಿ ಕೊಟ್ಟರೆ ಪ್ರತಿ ಪಡೆಗೂ ಸಮ ಪಾಲು ಮಾಡಿಕೊಳ್ಳುತ್ತೇವೆ ಎಂದರು. ಆ ಹುಡುಗಿ ನನ್ನ ಅಕ್ಕನ ಮಗಳೆಂಬುದು ಅವರಿಗೆ ಗೊತ್ತಿತ್ತು. ‘ನೀವು ಅನುಭವಸ್ಥರು, ಅದಕ್ಕ ಬಂದ್ವಿ’ ಎಂದು ವಿನಯದಿಂದ ಹೇಳಿದರು.

ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಅಚ್ಚನ್ನು ಎತ್ತಿ ಗೋಡೆಗೆ ಒಗೆದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಅದನ್ನು ಇಲ್ಲಿ ಬರೆದರೆ ಹಿನ್ನಂಚೆಯವರು ಪತ್ರ ಹಿಂದಕ್ಕೆ ಕಳಿಸಿಯಾರು. ‘ಹೆಣದ ಮ್ಯಾಲಿನ ಹದ್ದೂ ಇಷ್ಟು ಹಂಚಿ ತಿನ್ನಂಗಿಲ್ರೋ’ ಎಂದೆ. ಅವರು ಬೇಸರ ಮಾಡಿಕೊಳ್ಳದೆ, ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡು, ಒಬ್ಬರಿಗೊಬ್ಬರು ಬಾಗಿಲು ಬಿಟ್ಟುಕೊಡುತ್ತಾ ಹೊರಗೆ ಹೋದರು. ನಾನು ಗುರುತು ಹಾಕದಿದ್ದರೂ ಪಾಲು ತಪ್ಪಲಿಲ್ಲ. ಬೇರೆ ಹಲ್ಲುಗಾರರು ಊರಿನಲ್ಲಿಲ್ಲವೇ?

ಕಸ್ತೂರಿಗೆ ನೆಲವಾಸ ಆಯಿತು. ನೆಲವಾಸ ಎಂದರೆ ಇನ್ನು ಜೀವ ಇರುವ ತನಕ ಸರಪಳಿ ಹತ್ತಕೂಡದು. ಸೆರೆಮನೆ ಅಲ್ಲ, ದಂಡ ಅಲ್ಲ, ಆದ್ದರಿಂದ ಇದು ದಯೆಯ ಶಿಕ್ಷೆ ಎಂದು ಹೊಗಳುತ್ತಾರೆ. ಊರಿನಿಂದ ಹೊರಗೆ ಹೋಗಲು ಬೇರೆ ದಾರಿಯೇ ಇಲ್ಲದ ಲೋಕದಲ್ಲಿ ಇದರ ಅರ್ಥ ಏನೆಂದು ನೀವೇ ತಿಳಿದುಕೊಳ್ಳಿ. ಅವಳಿಗೆ ಇಪ್ಪತ್ತಾರು ವರ್ಷ. ಹುಬ್ಬಳ್ಳಿ ಇನ್ನು ಅವಳ ಪಾಲಿಗೆ ಇಲ್ಲ. ನನ್ನ ಅಂಗಡಿ ಇಲ್ಲ. ಮದುವೆ, ಸಾವು, ಔಷಧ, ಏನೇ ಇರಲಿ, ಅಣ್ಣಿಗೇರಿಯ ಗಡಿಯೇ ಅವಳ ಗಡಿ. ತೀರ್ಪು ಬಂದ ಸಂಜೆ ನಾನು ಹೋದಾಗ, ‘ಅಂತೂ ಬರಕೊಂಡ್ರಲ್ಲ ಚಿಗವ್ವ!’ ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅವಳನ್ನು ತಬ್ಬಿಕೊಂಡು ನಾನು ಜೋರಾಗಿ ಅತ್ತೆ. ಅವಳು ಅಳಲಿಲ್ಲ. ಈಗ ಮನೆಯಲ್ಲೇ ಹಲ್ಲು ಕಡೆಯುತ್ತಾಳೆ, ಗಿರಾಕಿಗಳಿಲ್ಲದೆ, ಮಾತಿಲ್ಲದೆ. ಈ ವರ್ಷದ ಸೊನ್ನೆಹಬ್ಬದಲ್ಲಿ ಸೊಪ್ಪಿನ ಸಾಹೇಬರು ಭಾಷಣ ಮಾಡಿ, ಸರಪಳಿಯಲ್ಲಿ ಇಡೀ ವರ್ಷಕ್ಕೆ ಒಂದೇ ಒಂದು ಅಪರಾಧ ನಡೆಯಿತು, ಅದನ್ನೂ ನಾಲ್ಕು ಪಡೆಗಳು ಕೈಕೂಡಿಸಿ ಅದೇ ದಿನ ಮುಗಿಸಿದವು ಎಂದರು. ಆ ಒಂದೇ ಒಂದು ಅಪರಾಧ ನಮ್ಮ ಕಸ್ತೂರಿ.

ಅವಳು ಬರಲಾರಳು, ಆದ್ದರಿಂದ ಈಗ ನಾನೇ ಅಣ್ಣಿಗೇರಿಗೆ ಹೋಗಿ ಅವಳು ಕಡೆದ ಹಲ್ಲುಗಳನ್ನು ತರುತ್ತೇನೆ. ಹಿಂದಿರುಗುವ ಕೊಂಡಿಯಲ್ಲಿ ಆ ಮನುಷ್ಯನನ್ನು ದಿನಾ ನೋಡುತ್ತೇನೆ. ಅವನು ಕೈಗೆ ಪಟ್ಟಿ ಸುತ್ತಿಕೊಂಡು ಬರುತ್ತಾನೆ. ಗಾಯ ಮಾಗಿ ಬಹಳ ದಿನವಾಗಿದೆ, ಆದರೂ ಪಟ್ಟಿ ಬಿಚ್ಚುವುದಿಲ್ಲ. ಜನ ಅವನಿಗೆ ಎದ್ದು ಜಾಗ ಕೊಡುತ್ತಾರೆ. ‘ಹೆಂಗೈತ್ರಿ ಈಗ?’ ಎಂದು ಕೇಳುತ್ತಾರೆ. ಅವನು ಸಂಕೋಚದಿಂದ ಕುಳಿತುಕೊಳ್ಳುತ್ತಾನೆ, ಯಾವಾಗಲೂ ಯಾರಾದರೊಬ್ಬ ಹುಡುಗಿಯ ಹಿಂದೆ.

ಈಗ ನನ್ನ ಕೋರಿಕೆ. ನೀವು ಸಭೆಯಲ್ಲಿ ಬರೆಯುವಾಗ ಸೊನ್ನೆ ಎಂಬ ಜಾಣತನದ ಹೆಸರು ಬೇಡ. ನಮ್ಮಂಥ ದಡ್ಡರು ಮುಂದೆ ಹುಟ್ಟುತ್ತಾರೆಂದು ತಿಳಿದು, ಕೂಸಿಗೂ ತಿಳಿಯುವಂತೆ ಬರೆಯಿರಿ: ನೊಂದವರು ಮೊದಲು ಯಾರ ಹತ್ತಿರ ಬರುತ್ತಾರೋ ಅವರೇ ಬರೆದುಕೊಳ್ಳಬೇಕು, ಇನ್ನೊಬ್ಬರ ಕಡೆ ಬೆರಳು ತೋರಿಸಕೂಡದು, ದೂರು ಹೆಚ್ಚಾದ ಠಾಣೆಯನ್ನು ಬೈಯಕೂಡದು, ದೂರೇ ಇಲ್ಲದ ಠಾಣೆಯನ್ನು ನಂಬಕೂಡದು. ಕೈಕೂಡಿಸುವುದಾದರೆ ಕಳ್ಳನನ್ನು ಹಿಡಿಯಲು ಕೂಡಿಸಿ. ಒಬ್ಬರ ಮುಖ ಒಬ್ಬರು ಉಳಿಸಿಕೊಳ್ಳಲು ಕೂಡಿಸಬೇಡಿ. ಇಷ್ಟನ್ನು ನೀವು ಸರಿಯಾಗಿ ಬರೆದರೆ ನಮ್ಮ ಲೋಕ ಬೇರೆಯಾಗುತ್ತದಂತೆ. ನಾನು ಕುಳಿತಲ್ಲಿಯೇ ಈ ಪತ್ರ ಅಳಿಸಿಹೋಗಿ, ಕಸ್ತೂರಿ ಬಾಗಿಲಲ್ಲಿ ಗದ್ದಲ ಮಾಡುತ್ತಾ ಬರುತ್ತಾಳಂತೆ. ಹಿನ್ನಂಚೆಯವರು ಹಾಗೆನ್ನುತ್ತಾರೆ. ನಾನು ಬರೆಯುತ್ತಲೇ ಬಾಗಿಲ ಕಡೆ ನೋಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕೊಂಡಿಯಲ್ಲಿ ಒಬ್ಬ ಹುಡುಗಿ ಅವನ ಮುಂದಿನ ಜಾಗದಿಂದ ತಟ್ಟನೆ ಎದ್ದು ಬಂದು ನನ್ನ ಪಕ್ಕ ಕುಳಿತಳು. ಶಾಲೆಯ ಅಂಗಿ, ಕಾಲ ಬಳಿ ಪುಸ್ತಕದ ಚೀಲ. ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನನ್ನ ಸೀರೆಯ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು: ‘ಅಜ್ಜಿ, ಯಾರಿಗೆ ಹೇಳಬೇಕು?’

ನಾನು ಅವಳನ್ನು ಕಿಟಕಿಯ ಕಡೆ ಸರಿಸಿ ಕೂರಿಸಿದೆ, ಅಂಗಡಿಗೆ ಬಂದು ನಿಮಗೆ ಬರೆಯಲು ಕುಳಿತೆ. ನಿಮ್ಮ ಕಾಲದ ಬಸ್ಸಿನಲ್ಲಿಯೂ ಇಂಥ ಹುಡುಗಿ ಕುಳಿತಿರುತ್ತಾಳೆ, ನಿಮ್ಮನ್ನೇ ಕೇಳುತ್ತಾಳೆ. ನಿಮ್ಮ ಹತ್ತಿರ ಇನ್ನೂ ಉತ್ತರ ಇದೆ. ದಯವಿಟ್ಟು ಅವಳಿಗೆ ಹೇಳಿ.

ಇಂದ್ರವ್ವ